ಕೆಂಪು ಗುಂಡಿ

ಮೋಟೆಬೆನ್ನೂರಿನ ಆಚೆ, ಕಲ್ಲು ತೆಗೆದು ಬಿಟ್ಟ ಕ್ವಾರಿ.
ಸುತ್ತ ಎದೆಮಟ್ಟ ಮರಳಿನ ಚೀಲ.
ಚೀಲ ಬ್ಯಾಡಗಿ ಪ್ಯಾಟಿಯವು, ಒಂದಕ್ಕೆ ಹನ್ನೆರಡು ರೂಪಾಯಿ,
ಎಷ್ಟು ಜಾಡಿಸಿದರೂ ಬಿಡದ ಮೆಣಸಿನಕಾಯಿ ಘಾಟು.
ನಡುವೆ ಕಬ್ಬಿಣದ ಚೌಕಟ್ಟಿಗೆ ಬಿಗಿದು ಕೂತ
ಗೇಣುದ್ದದ ನಮ್ಮ ಎಂಜಿನ್ನು.

ಕಡೆದವರು ಹುಬ್ಬಳ್ಳಿ ಗೋಕುಲ ರೋಡಿನ ದಾವಲಸಾಬರು.
ಬೋರಿನ ಪಂಪಿನ ಶಾಫ್ಟು ಬದಿಗಿಟ್ಟು
ತಾಮ್ರದ ಬಿಲ್ಲೆಗೆ ಹದಿನೆಂಟು ತೂತು ಕೊರೆದರು,
ಸಾಸಿವೆ ಹಾಯದಂಥವು.
"ಹಾರತೈತೇನು ಇದು?"
"ಇಲ್ಲ ಕಾಕಾ, ಕಟ್ಟಿಹಾಕಿ ಸುಡೂದು."
"ಮತ್ತ ಯಾರನ್ನ ದೂಡತೈತಿ?"
"ತಕ್ಕಡೀನ."
ಅರ್ಧ ಕೂಲಿ ತಗೊಂಡರು.

ಮೊದಲ ಸಲ ಕಿಡಿ ಹತ್ತಲಿಲ್ಲ.
ಎರಡನೇ ಸಲ ತಡವಾಗಿ ಹತ್ತಿ
ಢಮ್ ಅಂದದ್ದು ಕದರಮಂಡಲಗಿವರೆಗೆ ಕೇಳಿತಂತೆ.
ಪೊಲೀಸರು ಬಂದರು. ಫಕ್ಕೀರೇಶ ಪರವಾನಗಿ ಕಾಗದ ಚಾಚಿದ.
ಅದನ್ನು ಓದದೆ, ಸೀಳಿದ ಕೊಳವೆ ನೋಡಿ,
"ಯಾರಿಗೂ ಪೆಟ್ಟಾಗಿಲ್ಲಲ್ಲ?" ಅಂದರು.
ಕಾಲೇಜಿನಲ್ಲಿ ಮಾತ್ರ ಖರ್ಚಿನ ಲೆಕ್ಕ ಕೇಳಿದರು.

ಇವತ್ತು, ಆಕ್ಸಿಜನ್ ಇಳಿಯುತ್ತಿದ್ದಂತೆ
ಮಾರ್ಚಿನ ನಡುಹಗಲು, ಪೈಪಿನ ಮೇಲೆ ಹಿಮ.
ಕುರಿ ಕಾಯುವ ಹುಡುಗ ಕೂಗಿದ: "ಅಕ್ಕಾ, ಐಸ್ ಕೊಡ್ರಿ!"
"ಮುಟ್ಟಿದ್ರ ತೊಗಲು ಕಿತ್ಕೊಂಡು ಬರತೈತಿ, ನಡಿಯೋ,"
ನೀಲಗಂಗಾ ಅವನನ್ನು ಹಿಂಡು ಸಮೇತ ಅಟ್ಟಿದಳು.
ಒಂದು ಆಡು ಉಳಿಯಿತು.
ಎಣಿಕೆ ನಿಲ್ಲಿಸಿದೆವು. ಆಡು ನಿಧಾನಕ್ಕೆ ಹೋಯಿತು.
ಮತ್ತೆ ಹತ್ತರಿಂದ.

ನನ್ನ ಪಾಲಿಗಿದ್ದದ್ದು ಕೆಂಪು ಗುಂಡಿ, ನಿಲ್ಲಿಸುವುದು.
ಎಲ್ಲರೂ ಹೊತ್ತಲಿ ಹೊತ್ತಲಿ ಅಂತ ಕೂತಿರುವಾಗ
ಆರಿಸಲಿಕ್ಕೆ ಕೂತವಳು ನಾನೊಬ್ಬಳೇ.

ಹೊತ್ತಿತು.
ನೀಲಿ ನಾಲಗೆ, ಅದರೊಳಗೆ ಪೋಣಿಸಿದ ಬಿಳಿ ಮಣಿ.
ಸಪ್ಪಳ ಕಿವಿಗಲ್ಲ, ಪಕ್ಕೆಲುಬಿಗೆ ಬಂತು.
ಒಂದು. ಎರಡು. ಮೂರು.
ಒತ್ತಬೇಡ ಅಂತ ಬೆರಳಿಗೆ ಹೇಳುತ್ತಲೇ ಇದ್ದೆ.
ನಾಲ್ಕು ದಾಟಿದ ಮೇಲೆ ಉರಿಯ ಅಂಚಿಗೆ
ಒಂದು ಎಳೆ ಹಸಿರು.
ಚಂದವಿತ್ತು. ತಾಮ್ರ ಉರಿದರೆ ಆ ಬಣ್ಣ.

ಒತ್ತಿದೆ.

ಎಂಟು ಸೆಕೆಂಡು ಆಗಬೇಕಿತ್ತು.
ಯಾರೂ ನನ್ನ ಕಡೆ ನೋಡಲಿಲ್ಲ.
ಅಷ್ಟರಲ್ಲಿ ಚೀಲದ ಮೆಣಸಿನ ಪುಡಿ ಗಾಳಿಗೆದ್ದು
ಎಲ್ಲರಿಗೂ ಸೀನು, ಕೆಮ್ಮು, ಕಣ್ಣಲ್ಲಿ ನೀರು;
ಅದರಲ್ಲಿ ಯಾವುದು ಘಾಟಿನದು, ಯಾರು ಕೇಳುತ್ತಾರೆ.

ಸಂಜೆ ದಾವಲಸಾಬರು ಎಂಜಿನ್ನಿನ ಗಂಟಲೊಳಗೆ
ಹೆಬ್ಬೆರಳು ಆಡಿಸಿದರು, ಕೂಸಿನ ಬಾಯಲ್ಲಿ
ಹಲ್ಲು ಬಂದಿದೆಯೇ ನೋಡುವಂತೆ.
"ಇಲ್ಲಿ ತಿಂದೈತಿ. ಕಾಗದದಷ್ಟು ಉಳದೈತಿ.
ಯಾರು ಬಂದ್ ಮಾಡಿದಾರು?"

ಕೈ ಎತ್ತಿದೆ,
ಕ್ಲಾಸಿನಲ್ಲಿ ತಪ್ಪು ಉತ್ತರ ಕೊಟ್ಟವಳ ಹಾಗೆ.
ಚಾ ತರಿಸಿದರು. ಮೊದಲ ಕಪ್ಪು ನನ್ನ ಕಡೆ ಸರಿಸಿ,
"ಮಂಗಳವಾರ ಬರ್ರಿ. ಗ್ವಾಡಿ ದಪ್ಪ ಇಡೂಣು."