ಹೊಟ್ಟೆ ಅಂದರೆ

ಡಾಕ್ಟರಮ್ಮ ಕೇಳಿದರು: ಎಲ್ಲಿ ನೋವು?
ಹೊಟ್ಟೆ, ಅಂದೆ.
ಮೇಲ್ಹೊಟ್ಟೆಯೋ, ಕಿಬ್ಬೊಟ್ಟೆಯೋ?
ಅಂಗೈ ಇಟ್ಟು ತೋರಿಸಹೋದೆ.
ಎರಡನ್ನೂ ಮುಚ್ಚುವಷ್ಟು
ದೊಡ್ಡದಿರಲಿಲ್ಲ ಕೈ.

ನಮ್ಮಲ್ಲಿ ಎಲ್ಲಕ್ಕೂ ಅದೊಂದೇ ಮಾತು.
ಹಸಿದರೂ ಹೊಟ್ಟೆ, ಉರಿದರೂ ಹೊಟ್ಟೆ,
ಅಕ್ಕ ಬಸುರಾದಾಗ ಕೂಸು ಇದ್ದದ್ದೂ ಹೊಟ್ಟೆಯಲ್ಲೇ.
ಬೆಳಿಗ್ಗೆ ಏಳಕ್ಕೆ ಮಾಚೇನಹಳ್ಳಿಯ
ಗಾರ್ಮೆಂಟ್ಸ್ ಬಸ್ಸು ಹತ್ತುವುದು ಹೊಟ್ಟೆಪಾಡು.
ತಿಂಗಳಿಗೊಮ್ಮೆ ಸೂಪರ್‌ವೈಸರ್ ಹಾಲೇಶಣ್ಣನಿಗೆ
'ಹೊಟ್ಟೆನೋವು ಸರ್' ಅಂದರೆ
ಗೋಡೆಯ ಗಡಿಯಾರ ನೋಡುತ್ತಾನೆ.
ಒಳ್ಳೆಯವನೇ. ಟೋಕನ್ ಕೊಡುತ್ತಾನೆ.
ಒಂದು.

ಒಂದು ಟೋಕನ್ನಿಗೆ ಏಳು ನಿಮಿಷ.
ಮೊದಲ ದಿನ ನನಗೆ ನಾಲ್ಕು ಸಲ ಹೋಗಬೇಕು,
ಪ್ಯಾಡ್ ಬದಲಿಸಲಿಕ್ಕಲ್ಲ.
ಆ ಮಾತಾದರೂ ಈಗ ಆಡಬಹುದು,
ಬಾತ್ರೂಮಿನ ಬಾಗಿಲಿಗೆ ಪೋಸ್ಟರೇ ಹಚ್ಚಿದ್ದಾರೆ.
ಭೇದಿಗೆ ಪೋಸ್ಟರಿಲ್ಲ.

ಹಿಂದಿನ ವಾರವೆಲ್ಲ ಕಟ್ಟಿಕೊಂಡು,
ಚೊಂಬು ಬಿಸಿನೀರಿಗೂ ಕದಲದೆ,
ಚೂಡಿದಾರದ ಲಾಡಿ ಎರಡು ಬೆರಳು ಸಡಿಲಿಸಿ ಕೂತು,
ಆ ಒಂದು ಬೆಳಿಗ್ಗೆ
ಕೊಟ್ಟಿಗೆಯ ಅಗಳಿ ಯಾರೋ ತೆಗೆದ ಹಾಗೆ.

ಮೂರು ತಿಂಗಳು ಬರೆದು ತಾ, ಅಂದರು.
ಏನು ತಿಂದೆ, ಯಾವಾಗ, ಆಮೇಲೆ ಏನಾಯಿತು.
ಪೀಸು ಎಣಿಸುವ ಪುಸ್ತಕದ ಹಿಂಬದಿಯಿಂದ ಶುರು ಮಾಡಿದೆ:

ಸೋಮವಾರ: ಟೀ. ಟೀ. ಕ್ಯಾಂಟೀನ್ ಚಿತ್ರಾನ್ನ. ಟೀ.
ಮಂಗಳವಾರ: ಬಸ್ಸು ತಪ್ಪುತ್ತೆ ಅಂತ ಏನಿಲ್ಲ. ಸಂಜೆ ಗೋಪಿ ಸರ್ಕಲ್ಲಲ್ಲಿ ಮಿರ್ಚಿ, ಮಂಡಕ್ಕಿ.
ಬುಧವಾರ: ಅದೇ. ಬರೆಯೋಕೆ ನಾಚಿಕೆ.
ಗುರುವಾರ: ಮುಟ್ಟು. ವಾಂತಿ. ಅರ್ಧ ಬನ್ನು. ಅದಕ್ಕೂ ಮೊದಲೇ ಗುಳಿಗೆ.
ಶುಕ್ರವಾರ:

ರೂಮಿನಲ್ಲಿ ಫರ್ಹಾನಾ ಓದಿ ನಕ್ಕಳು, ಆಮೇಲೆ ನಗಲಿಲ್ಲ.
ನನಗೂ ಒಂದು ಪುಟ ಬಿಡು, ಅಂದಳು.
ನೇತ್ರಾವತಿಗೆ ಹಾಲು ಕುಡಿದರೆ ಉಬ್ಬರ.
ಮೇಲಿನ ರೂಮಿನ ಜೆಸಿಂತಾಗೆ ಆ ದಿನಗಳಲ್ಲಿ
ಅನ್ನದ ವಾಸನೆಯೇ ಆಗದು, ಬರೀ ಚಾಕಲೇಟು.
ನಾಲ್ಕು ಹೆಸರು, ನಾಲ್ಕು ಹೊಟ್ಟೆ,
ಒಂದರಂತೆ ಒಂದಿಲ್ಲ.

ರಿಪ್ಪನ್‌ಪೇಟೆಯಿಂದ ಅವ್ವನ ಫೋನು.
ಮೊಸರು ತಿನ್ಬೇಡ, ಉಪ್ಪಿನಕಾಯಿ ಭರಣಿ ಮುಟ್ಬೇಡ.
ಇಲ್ಲಿ ಭರಣಿ ಎಲ್ಲಿದೆ ಅವ್ವ, ಎರಡು ರೂಪಾಯಿ ಪ್ಯಾಕೆಟ್ಟು.
ಆ ಕಡೆ ಸದ್ದಿಲ್ಲ.
ಆಮೇಲೆ, ಇಪ್ಪತ್ತೆರಡು ವರ್ಷ ಹೇಳದೇ ಇದ್ದದ್ದು:
'ನಂಗೂ ಹಂಗೇ ಆಗ್ತಿತ್ತು ಕಣೆ.
ಬೆಳಗಾಗೋದ್ರೊಳಗೆ ಮೂರ್ಸಲ ಹಿತ್ಲಿಗೆ.
ಏನು ಕದ್ದು ತಿಂದ್ಯೇ ಅಂತ ನಿನ್ನಜ್ಜಿ ಬಯ್ಯೋಳು.'
ಏನೂ ಕದ್ದಿರಲಿಲ್ಲವಂತೆ.
ದಾಳಿಂಬೆ ಸಿಪ್ಪೆ ಒಣಗಿಸಿಟ್ಟೀನಿ, ತಂಬ್ಳಿ ಮಾಡ್ಕೊ, ಅಂದಳು.
ರೂಮಲ್ಲಿ ಮಿಕ್ಸಿ ಇಲ್ಲ ಅನ್ನಲಿಲ್ಲ ನಾನು.

ಪುಟ ತಿರುವುತ್ತ ಡಾಕ್ಟರಮ್ಮ
ಖಾಲಿ ಶುಕ್ರವಾರಗಳ ಮೇಲೆ ಬೆರಳಿಟ್ಟು ಕೂತರು.
ಗಂಜಿ ಇಳಿಯುತ್ತೆ ಅಂತ ಗೊತ್ತಾಗಿದೆ ನನಗೆ,
ಬರೀ ಹೊಟ್ಟೆಗೆ ಗುಳಿಗೆ ನುಂಗಬಾರದು ಅಂತಲೂ.
ನೋವು ಹೋಯಿತಾ? ಇಲ್ಲ.
ಗಂಜಿಯಿಂದಲೇ ಹೋಗುವ ನೋವಲ್ಲಮ್ಮ ಇದು, ಅಂದರು,
ಸ್ಕ್ಯಾನಿಂಗಿಗೆ ಚೀಟಿ ಬರೆದರು.

ನಿನ್ನೆ ಮೊದಲ ದಿನ.
ನಾಲ್ಕು ಟೋಕನ್ ಬೇಕು ಸರ್.
ಯಾಕೆ?
ಹೊಟ್ಟೆ ಅನ್ನಲಿಲ್ಲ.
ಮುಟ್ಟು ಸರ್, ಜೊತೆಗೆ ಭೇದಿ, ಅಂದೆ.
ಪಕ್ಕದಲ್ಲಿ ಫರ್ಹಾನಾಳ ಮಿಷನ್ನು ನಿಂತಿತು.
ಹಾಲೇಶಣ್ಣ ಗಡಿಯಾರ ನೋಡಲಿಲ್ಲ,
ನೆಲ ನೋಡಿದ.
ಡ್ರಾಯರು ಎಳೆದ ಸದ್ದು.