ಮೇಣದ ಲೆಕ್ಕ

ಎರಡು ರಾತಲು ಮೇಣ, ಸಂತ ಮಾರ್ಗರೇಟಳ ಮುಂದೆ ಉರಿಯಲಿಕ್ಕೆ,
ಹೊಟ್ಟೆಯಲ್ಲಿ ಅಡ್ಡ ಮಲಗಿದ ಮಗು ತಿರುಗಲಿ ಎಂದು
ಹರಕೆ ಹೊತ್ತವಳು ನಾನು, ನಾರ್ಫಕ್ಕಿನ ಆನಿಸ್ ಥರ್ಕೆಟಲ್.
ಮಗು ತಿರುಗಿತು.
ಅರಸನೂ ತಿರುಗಿದ.

ಮೈಕೆಲ್ ಹಬ್ಬ ಕಳೆದ ಭಾನುವಾರ
ಪಾದ್ರಿ ಅಪ್ಪಣೆ ಓದಿದ,
ಜ್ಞಾನಸ್ನಾನಕ್ಕೆ ಓದುವ ಅದೇ ದನಿ, ಮೂಗು ಕಟ್ಟಿತ್ತು:
ಸಂತರ ಮುಂದೆ ಇನ್ನು ದೀಪ ಕೂಡದು.
ಯಾರೂ ತುಟಿಪಿಟಕ್ಕೆನ್ನಲಿಲ್ಲ.
ಒದ್ದೆ ಬೆರಳಲ್ಲಿ ಬತ್ತಿ ಹಿಸುಕಿದವನು
ನನ್ನ ಮೈದುನನೇ.

ಜೇನುಹುಳಗಳಿಗೆ ಯಾರು ಹೇಳಬೇಕು?
ಹುಲ್ಲುಬುಟ್ಟಿಯಿಂದ ಹೋದವು, ಬಂದವು,
ಆರು ಮೂಲೆಯ ಮನೆ ಕಟ್ಟಿದವು
ಹಳೆಯ ಧರ್ಮಕ್ಕೋ ಹೊಸದಕ್ಕೋ.
ನಾನು ಕಾಯಿಸಿದೆ, ಸೋಸಿದೆ, ಅಚ್ಚಿಗೆ ಹೊಯ್ದೆ.
ಕೊಳ್ಳುವವರಿಲ್ಲ.
ಬಡವರಿಗೆ ಕುರಿಕೊಬ್ಬಿನ ಕಮಟು ದೀಪವೇ ಸಾಕಲ್ಲ.

ಚಳಿ ಬಿದ್ದ ಮೇಲೆ ಬಂದರು ಮಾಸ್ಟರ್ ಕ್ರಾಸ್ಕ್,
ಮಠದ ಕಲ್ಲು ಹೊರಿಸಿ ಮನೆ ಕಟ್ಟಿದವರು,
ಊರವರ ಹಸು ಮೇಯುತ್ತಿದ್ದ ಬಯಲಿಗೆ
ಬೇಲಿ ಸುತ್ತಿ ಕುರಿ ಬಿಟ್ಟವರು.
"ಒಳ್ಳೆ ಮೇಣ ಬೇಕಮ್ಮ, ಇದ್ದಷ್ಟೂ ಕೊಡು."
ಕ್ರಯಪತ್ರಗಳಿಗೆ ಮೊಹರು ಒತ್ತಬೇಕಂತೆ.

ಕೊಟ್ಟೆ.
ರಾತಲಿಗೆ ಒಂದು ಪೆನ್ನಿ ಹೆಚ್ಚೇ ಕೇಳಿದೆ,
ಚೌಕಾಸಿ ಮಾಡದೆ ಎಣಿಸಿದರು, ಆಗ ನಾಚಿಕೆಯಾಯಿತು.
ಇಂಗಳೀಕ ಬೆರೆಸಿ ಕೆಂಪು ಮಾಡಿಕೊಟ್ಟವಳೂ ನಾನೇ.
ಚರ್ಮದ ಹಾಳೆಯ ಬಾಲಕ್ಕೆ ತೂಗುತ್ತಿದೆ ಈಗ
ನನ್ನ ಹುಳಗಳ ಒಂದಿಡೀ ಬೇಸಿಗೆ,
ಅದರ ಮೇಲೆ ಕ್ರಾಸ್ಕರ ಟಗರು.

ತಿರುಗಿದ ಮಗುವಿಗೆ ಈಗ ಏಳು ವರ್ಷ.
ಬಾಣಲೆಯ ಅಂಚು ಕೆರೆದು,
ಬೆರಳಿಗಂಟಿದ ಕೆಂಪನ್ನು ಮೂಸಿ ಕೇಳುತ್ತಾಳೆ:
ಅಮ್ಮಾ, ಇದೂ ಉರಿಯುತ್ತದಾ?