ನಲವತ್ತೊಂದನೆಯ ಕಂಬ

ಝಾಗ್ರೆಬಿನ ಮೇಲೂರು. ನವೆಂಬರ್, ಸಂಜೆ ನಾಲ್ಕೂವರೆ.
ವ್ಯೆಕೊಸ್ಲಾವ್ ಬಂದ. ಹೆಗಲ ಮೇಲೆ
ಹಿತ್ತಾಳೆ ಕೊಕ್ಕೆಯ ಉದ್ದನೆ ಕೋಲು,
ಜೇಬಿನಲ್ಲಿ ಅರ್ಧ ತಿಂದ ಸೇಬು.

ಗ್ಯಾಸಿನ ದೀಪ, ಒಂದೊಂದಕ್ಕೂ ಒಂದೊಂದು ಹಟ:
ಮಠದ ಮೂಲೆಯದು ಕೆಮ್ಮಿ ಕೆಮ್ಮಿ ಹತ್ತುತ್ತದೆ,
ಔಷಧಿ ಅಂಗಡಿಯೆದುರಿನದು ಕರೆದ ಕೂಡಲೇ ಓಗೊಡುತ್ತದೆ,
ಮೆಟ್ಟಿಲ ದಾರಿಯದಕ್ಕೆ ಗಾಜು ಬದಲಾಗಿ ಬೆಳಕು ತುಸು ಹಸಿರು.
ಅದರಡಿ ಮುದ್ದಾಡುವ ಜೋಡಿಗಳನ್ನು ಅವನು
ಸೌತೆಕಾಯಿಗಳು ಅನ್ನುತ್ತಾನೆ.

ನನ್ನ ಕಿಟಕಿಯೆದುರಿನದು ನಲವತ್ತೊಂದು.
ಮೂವತ್ತು ವರ್ಷ ಅದರ ಬೆಳಕಿನಲ್ಲೇ ಬಟ್ಟೆ ಹೊಲಿದೆ
(ಕರೆಂಟು ಉಳಿಸಲಿಕ್ಕೆ ಎಂದರೆ ಹಾಗೇ ಇರಲಿ).
ಕರಿ ದಾರ ಯಾವುದು, ನೀಲಿ ಯಾವುದು,
ಆ ಬೆಳಕು ಬಾಯಿ ಬಿಡುವುದಿಲ್ಲ.
ನ್ಯಾಯಾಧೀಶರೊಬ್ಬರ ಕರಿ ಕೋಟು
ನೀಲಿ ಹೊಲಿಗೆ ಹೊತ್ತೇ ಕೋರ್ಟಿಗೆ ಹೋಯಿತು.
ಯಾರೂ ಕೇಳಲಿಲ್ಲ.

ಭೂಮಿ ನಡುಗಿದ ಮಾರ್ಚಿನ ಬೆಳಗ್ಗೆ
ಹಿಮದಲ್ಲಿ, ರಾತ್ರಿಯುಡುಪಿನಲ್ಲೇ ಬೀದಿಗೆ ಬಿದ್ದೆವು.
ಕೆಳಮನೆಯ ಯಾಗೊದಾ ಕೈಯಲ್ಲಿ ಹಕ್ಕಿಯ ಪಂಜರ.
ನನ್ನ ಕೈಯಲ್ಲಿ, ಯಾಕೋ, ಕತ್ತರಿ.
ಚಿಮಣಿಗಳು ಒಂದರ ಹಿಂದೊಂದು ಕುಸಿದವು.
ಕಂಬ ವಾಲಿತು. ಬೀಳಲಿಲ್ಲ.
ಎಂಟು ರಾತ್ರಿ ಹತ್ತಲೂ ಇಲ್ಲ.
ಆ ಎಂಟು ರಾತ್ರಿ ನನ್ನ ಕೋಣೆಗೆ ಕತ್ತಲೆ
ಅಳತೆ ತೆಗೆಯದೆ ಹೊಲಿದ ಅಂಗಿಯ ಹಾಗೆ:
ಎಲ್ಲೋ ಬಿಗಿ, ಎಲ್ಲೋ ಜೋಲು.

ಹೋದ ವಾರ ಪುರಸಭೆಯ ಹುಡುಗ ಬಂದಿದ್ದ.
ಹೊಸ ಬಲ್ಬು, ಅದೇ ಹಳದಿ, ಗೊತ್ತೇ ಆಗೋದಿಲ್ಲ ಎಂದ.
ಗಾಳಿ ಬೀಸಿದರೆ ಅಳುಕುತ್ತದೆಯೇ?
ಇಲ್ಲಮ್ಮ, ಅದೇ ಅದರ ಹೆಚ್ಚುಗಾರಿಕೆ.
ವಾಲಿದ ಕಂಬಕ್ಕೆ ಟೇಪು ಹಿಡಿದು
ಏನೋ ಬರೆದುಕೊಂಡು ಹೋದ.
ನಾನೂ ಅಳತೆಯವಳೇ;
ಬರೆದುಕೊಂಡದ್ದೆಲ್ಲ ಹೊಲಿದಾಗುವುದಿಲ್ಲ, ಬಲ್ಲೆ.

ಬೆಳಗಿನ ಜಾವ ವ್ಯೆಕೊಸ್ಲಾವ್ ಮತ್ತೆ ಬರುತ್ತಾನೆ
ಒಂದೊಂದೇ ದೀಪ ದೊಡ್ಡದು ಮಾಡುತ್ತ.
ನಲವತ್ತೊಂದರ ಕೆಳಗೆ ಕೋಲೆತ್ತಿ
ಕಿಟಕಿಯತ್ತ ನೋಡಿ ತಡೆಯುತ್ತಾನೆ,
ನಾನು ಸೂಜಿಗೆ ದಾರ ಪೋಣಿಸಿ ತಲೆಯಾಡಿಸುವವರೆಗೆ.
ಆಮೇಲೆ ಕೊಕ್ಕೆ ಎಳೆದರೆ
ದೀಪ ನಿಜಕ್ಕೂ ದೊಡ್ಡದಾಗುತ್ತದೆ:
ಹೆಂಚು, ಗೋಪುರ, ಕೆಳಗಿನ ಊರು, ಟ್ರಾಮಿನ ಕಂಬಿ,
ಆಚೆ ಸಾವಾ ನದಿಯವರೆಗೂ.

ನನ್ನ ಸೂಜಿಯಲ್ಲಿ
ನೀಲಿ ದಾರ.